ಹಿತ್ತಾಳೆಯ ಸುಷಿರವಾದ್ಯಗಳೂ ಅವುಗಳ ಜೀರ್ಣೋದ್ಧಾರವೂ

ಪಾವಗಡ ತಾಲೂಕಿನ ತಿರುಮಣಿ ಗ್ರಾಮದ ಹೆಸರು ಈಗ ದೂರದೇಶಗಳಲ್ಲಿಯೂ ಕೇಳಿಬರುತ್ತಿರುವುದು ಅಲ್ಲಿಯ ಬಿಸಿಲಿನ ದೆಸೆಯಿಂದ. ಬರಗಾಲಕ್ಕೆ ಹೆಸರಾದ ಆ ಸೀಮೆಯಲ್ಲಿ 2018ನೆಯ ಇಸವಿಯಲ್ಲಿ ಉದ್ಘಾಟನೆಗೊಂಡ ಸೌರವಿದ್ಯುತ್ ಕ್ಷೇತ್ರವು ತಿರುಮಣಿಯನ್ನೊಳಗೊಂಡ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ ಹಬ್ಬಿಕೊಂಡಿದೆ. ಅಲ್ಲಿಯ ಸಾಲುಸಾಲು ಫಲಕಗಳಲ್ಲಿ ಒಂದು ಒಡೆದರೆ ಅದೇ ಅಳತೆಯ ಮತ್ತೊಂದನ್ನು ತಂದು ಕೂಡಿಸಿದರಾಯಿತು. ಒಂದಕ್ಕೂ ಮತ್ತೊಂದಕ್ಕೂ ಭೇದವಿಲ್ಲ. ಆದರೆ ಅಂತಹ ಸೀಮೆಗಳ ಜಾತ್ರೆಗಳಲ್ಲಿಯೂ ಮಠಗಳ ಉತ್ಸವಗಳಲ್ಲಿಯೂ ಮೊಳಗುವ ಹಿತ್ತಾಳೆಯ ವಾದ್ಯಗಳ ಸಂಗತಿ ಹಾಗಲ್ಲ. ಹಳೆಯ ಕಾರ್ನೆಟ್ಟೊಂದರ ಪಿಸ್ಟನ್ನು ಸವೆದುಹೋದರೆ, ಬೆರಳುದ್ದದ ಆ ಒಂದು ಭಾಗ ದೊರೆಯದ ಕಾರಣ ಇಡೀ ವಾದ್ಯವೇ ಮೂಕವಾಗಿ ಉಗ್ರಾಣದ ಅಟ್ಟವನ್ನು ಸೇರುವುದು. ಕೆಲವು ವರ್ಷಗಳ ಮೇಲೆ ಗುಜರಿಯವನ ತಕ್ಕಡಿಯನ್ನು ಸೇರುವುದು. ಈ ನಾಡಿನಲ್ಲಿ ವಾದ್ಯಗಳಿಗೆ ಇಂತಹ ಗತಿಯು ಮೊದಲಿನಿಂದಲೂ ಇದ್ದುದಲ್ಲ. ಅದು ಯಾವಾಗ ಬಂದಿತು, ಹೇಗೆ ಬಂದಿತು, ಅದಕ್ಕೆ ಇರುವ ಉಪಾಯವೇನು ಎಂಬುದು ಮಠಗಳ ಆಸ್ತಿಯನ್ನು ಕಾಯ್ದುಕೊಂಡು ಬರುವವರಿಗೆ ತಿಳಿದಿರಬೇಕಾದ ವಿಷಯವಾಗಿದೆ.

ಲೋಹದ ಕೊಂಬನ್ನು ಊದುವುದು ಈ ಸೀಮೆಯಲ್ಲಿ ಅತಿ ಪ್ರಾಚೀನವಾದ ಗೌರವಚಿಹ್ನೆ. ಪಾವಗಡ, ಸಿರಾ, ಮಧುಗಿರಿಗಳ ಸುತ್ತಣ ದೇಶವು ಹಿಂದೆ ನೊಳಂಬರ ಆಳ್ವಿಕೆಗೆ ಒಳಪಟ್ಟಿತ್ತು. ಅವರ ರಾಜಧಾನಿಯಾದ ಹೆಂಜೇರು, ಈಗಿನ ಹೇಮಾವತಿ, ಗಡಿಯಾಚೆ ಸಮೀಪದಲ್ಲಿಯೇ ಇದೆ. ತರುವಾಯ ಪಾವಗಡ ತಾಲೂಕಿನ ನಿಡುಗಲ್ಲು ದುರ್ಗದಲ್ಲಿ ಚೋಳವಂಶದ ಮಂಡಲೇಶ್ವರರು ಆಳಿದರು. ಕನ್ನಡನಾಡಿನ ಇಂತಹ ಸಾಮಂತರ ಶಾಸನಗಳಲ್ಲಿ ಬಿರುದುಗಳ ಮೊದಲಿಗೆ ‘ಸಮಧಿಗತಪಂಚಮಹಾಶಬ್ದ’ ಎಂಬ ವಿಶೇಷಣವು ಮೇಲಿಂದ ಮೇಲೆ ಬರುವುದು. ಐದು ಮಹಾವಾದ್ಯಗಳನ್ನು ನುಡಿಸಿಕೊಳ್ಳುವ ಅಧಿಕಾರವನ್ನು ಚಕ್ರವರ್ತಿಯಿಂದ ಪಡೆದವನು ಎಂದು ಅದರ ತಾತ್ಪರ್ಯ. ಆ ಐದು ವಾದ್ಯಗಳಾವುವು ಎಂಬ ಪ್ರಶ್ನೆಯು ಶಾಸನವಿದ್ವಾಂಸರನ್ನು ಬಹುಕಾಲ ಕಾಡಿತು. ಅದಕ್ಕೆ ಉತ್ತರವನ್ನು ಕೊಟ್ಟುದು ವೀರಶೈವ ಗ್ರಂಥವೊಂದೇ ಎಂಬುದು ಸ್ಮರಣಾರ್ಹವಾಗಿದೆ. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯಲ್ಲಿ ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಐದನ್ನೂ ಎಣಿಸಿದೆ. ಇವುಗಳಲ್ಲಿ ಶೃಂಗವೇ ಮೊದಲನೆಯದು. ಕೊಂಬು ಎಂದರೂ ಕಹಳೆ ಎಂದರೂ ಜನರ ಮಾತಿನಲ್ಲಿ ಅದೇ. ಅರಸರ ಬಿರುದಾಗಿದ್ದ ಈ ಧ್ವನಿಯು ಮಠಾಧಿಪತಿಗಳ ಅಡ್ಡಪಲ್ಲಕ್ಕಿಯ ಮುಂದೆಯೂ ದೇವರ ತೇರಿನ ಮುಂದೆಯೂ ಮೊಳಗುತ್ತ ಬಂದುದರಲ್ಲಿ ಆಶ್ಚರ್ಯವಿಲ್ಲ.

ಕಹಳೆಯ ರಚನೆಯನ್ನು ಸ್ವಲ್ಪ ವಿಚಾರಿಸಬೇಕು; ಏಕೆಂದರೆ ಮುಂದಿನ ಮಾತೆಲ್ಲವೂ ಅದರ ಮೇಲೆ ನಿಂತಿದೆ. ತಾಮ್ರದ ಅಥವಾ ಹಿತ್ತಾಳೆಯ ತಗಡನ್ನು ಕತ್ತರಿಸಿ, ಕಂಬಿಯ ಮೇಲೆ ಸುತ್ತಿ, ಅಂಚುಗಳನ್ನು ಬಿಳಿಗಾರವಿಟ್ಟು ಬೆಸೆದು ಕೊಳವೆ ಮಾಡುವರು. ಬರಿಯ ಕೊಳವೆಯನ್ನು ಬಗ್ಗಿಸಿದರೆ ಅದು ಸುಕ್ಕುಗಟ್ಟಿ ಒಡೆಯುವುದಾದ್ದರಿಂದ ಒಳಗೆ ಕರಗಿದ ರಾಳವನ್ನೋ ಸೀಸವನ್ನೋ ತುಂಬಿ, ಆರಿದ ಮೇಲೆ ಬಗ್ಗಿಸಿ, ಮತ್ತೆ ಕಾಸಿ ತುಂಬಿದುದನ್ನು ಹರಿಯಬಿಡುವರು. ದೊಡ್ಡ ಕೊಂಬು ಒಂದೇ ಕೊಳವೆಯಲ್ಲ. ಊದುವ ಬಾಯಿ, ನಡುವಣ ಬಾಗು, ಅಗಲವಾದ ಮೊಗ ಎಂದು ಹಲವು ಭಾಗಗಳಾಗಿ, ಒಂದರೊಳಗೊಂದು ಸೇರುವಂತೆ ಇರುವುದು. ಭಾಗಗಳನ್ನು ಒಂದು ಬಗೆಯಾಗಿ ಕೂಡಿಸಿದರೆ ಅರ್ಧಚಂದ್ರದ ಆಕಾರ. ಒಂದನ್ನು ತಿರುಗಿಸಿ ಕೂಡಿಸಿದರೆ ಹಾವಿನ ಆಕಾರ. ಸಾಗಿಸುವುದಕ್ಕೆ ಅನುಕೂಲವೆಂದು ಹೀಗೆ ಮಾಡಿದರೆಂದು ಸಾಮಾನ್ಯವಾಗಿ ಹೇಳುವರು. ಅದು ನಿಜವೇ. ಆದರೆ ಅದಕ್ಕಿಂತ ದೊಡ್ಡ ಗುಣವೊಂದು ಅದರಲ್ಲಿದೆ: ಒಂದು ಭಾಗ ಕೆಟ್ಟರೆ ಆ ಭಾಗವನ್ನು ಮಾತ್ರ ಹೊಸದಾಗಿ ಮಾಡಿಸಬಹುದು. ಹೊಸ ಭಾಗದ ಅಳತೆಗೆ ಹಳೆಯ ಭಾಗದ ತುದಿಯೇ ಪ್ರಮಾಣ. ಅಲ್ಪಸ್ವಲ್ಪ ಸಡಿಲವಿದ್ದರೆ ಜೇನುಮೇಣದಲ್ಲಿ ಅದ್ದಿದ ನೂಲನ್ನು ಸುತ್ತಿದರೆ ಗಾಳಿ ಸೋರದು. ಯಾವ ಊರಿನ ಕಂಚುಗಾರನಾದರೂ, ಆ ವಾದ್ಯವನ್ನು ಮೊದಲು ಮಾಡಿದವನು ಯಾರೆಂಬುದನ್ನು ತಿಳಿಯದೆಯೇ, ಈ ಕೆಲಸವನ್ನು ಮಾಡಬಲ್ಲನು. ಕಹಳೆಗೆ ರಂಧ್ರಗಳಿಲ್ಲ, ಕೀಲಿಗಳಿಲ್ಲ. ತುಟಿಯ ಬಿಗಿಯಿಂದಲೂ ಉಸಿರಿನ ಬಲದಿಂದಲೂ ಹೊರಡುವ ಕೆಲವೇ ಸ್ವರಗಳು ಅದರವು. ಸ್ವರಸಂಪತ್ತಿನಲ್ಲಿ ಬಡತನವಿದ್ದರೂ ಆಯುಸ್ಸಿನಲ್ಲಿ ಅದು ಸಿರಿವಂತ.

ತಂತೀವಾದ್ಯಗಳ ವಿಷಯದಲ್ಲಿಯೂ ಈ ನಾಡು ಹಿಂದೆ ಪರಾವಲಂಬಿಯಾಗಿರಲಿಲ್ಲ. ಚನ್ನಪಟ್ಟಣದಲ್ಲಿ ಎಳೆಯುತ್ತಿದ್ದ ಉಕ್ಕಿನ ತಂತಿಗೆ ವೀಣೆ ಮೊದಲಾದ ವಾದ್ಯಗಳವರಲ್ಲಿ ದೂರದೂರದವರೆಗೆ ಖ್ಯಾತಿ ಇತ್ತು. ಫ್ರಾನ್ಸಿಸ್ ಬುಕಾನನ್ನನು 1800ನೆಯ ಇಸವಿಯಲ್ಲಿ ಮೈಸೂರು ಸೀಮೆಯನ್ನು ಸಂಚರಿಸುವಾಗ ಮಧುಗಿರಿ, ಚನ್ನರಾಯನದುರ್ಗಗಳ ಸುತ್ತಿನಲ್ಲಿ ಕಪ್ಪು ಮರಳಿನಿಂದ ಕಬ್ಬಿಣವನ್ನು ತೆಗೆಯುವ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಎರಕದ ಕೆಲಸಕ್ಕೆ ನಾಗಮಂಗಲ, ಪಾತ್ರೆಗಳಿಗೆ ಶ್ರವಣಬೆಳಗೊಳ ಹೆಸರಾಗಿದ್ದುವು. ವಾದ್ಯದ ತಂತಿ ಹರಿದರೆ ತಂತಿ, ಕೊಂಬು ಸೀಳಿದರೆ ತಗಡು, ಜಾಗಟೆ ಒಡೆದರೆ ಎರಕ, ಎಲ್ಲವೂ ಕೆಲವು ದಿನಗಳ ಪಯಣದೊಳಗೆ ದೊರೆಯುತ್ತಿದ್ದ ಕಾಲವದು.

ನಡುವೆ ಸಿರಾದ ಮಾತನ್ನು ಮರೆಯುವಂತಿಲ್ಲ. 1687ನೆಯ ಇಸವಿಯ ತರುವಾಯ ಸಿರಾಪಟ್ಟಣವು ಮೊಗಲರ ಸುಭೆಯ ಕೇಂದ್ರವಾಯಿತು. ನೌಬತ್ತು ಎಂದರೆ ಮೊಗಲರ ದೊಡ್ಡ ಅಧಿಕಾರಿಗಳಿಗೆ ಬಾದಶಹನಿಂದ ಸಲ್ಲುತ್ತಿದ್ದ ಮರ್ಯಾದೆಗಳಲ್ಲಿ ಒಂದು. ಅಬುಲ್ ಫಜಲನು ‘ಐನ್-ಇ-ಅಕ್ಬರಿ’ಯಲ್ಲಿ ನಗಾರಖಾನೆಯ ವಾದ್ಯಗಳನ್ನು ವರ್ಣಿಸುವಾಗ ಚಿನ್ನ, ಬೆಳ್ಳಿ, ಹಿತ್ತಾಳೆಗಳ ಕರ್ಣಾ ಎಂಬ ಉದ್ದ ಕಹಳೆಯನ್ನೂ, ಹಸುವಿನ ಕೊಂಬಿನ ಆಕಾರದ ಹಿತ್ತಾಳೆಯ ಸಿಂಗವನ್ನೂ ಹೇಳಿದ್ದಾನೆ. ಸಿಂಗವೆಂದರೆ ಶೃಂಗವೇ ಅಲ್ಲವೆ? ಸಾಮಂತರ ಪಂಚಮಹಾಶಬ್ದವೂ ಸುಭೇದಾರರ ನೌಬತ್ತೂ ಹೆಸರಿನಲ್ಲಿ ಬೇರೆಯಾದರೂ ವಾದ್ಯದಲ್ಲಿ ಸೋದರರು. ಅವನ್ನು ಮಾಡುವ ರೀತಿಯೂ ಸುಧಾರಿಸುವ ರೀತಿಯೂ ಒಂದೇ ಆಗಿದ್ದುವು.

ಭೇದವು ಬಂದುದು ಕವಾಟದ ದೆಸೆಯಿಂದ. ಜರ್ಮನಿಯಲ್ಲಿ ಸ್ಟೋಲ್ಜೆಲ್, ಬ್ಲೂಮೆಲ್ ಎಂಬಿಬ್ಬರು 1818ರಲ್ಲಿ ಹಿತ್ತಾಳೆಯ ಕೊಂಬಿಗೆ ಕವಾಟವನ್ನು ಕೂಡಿಸುವ ಉಪಾಯಕ್ಕೆ ಸರ್ಕಾರದ ಹಕ್ಕುಪತ್ರವನ್ನು ಪಡೆದರು. ಅದನ್ನು ಪ್ಯಾರಿಸ್ ನಗರದ ಪೆರಿನೇ ಎಂಬಾತನು 1839ರ ವೇಳೆಗೆ ತಿದ್ದಿ, ಈಗ ಎಲ್ಲೆಡೆಯಲ್ಲಿಯೂ ಕಾಣುವ ಪಿಸ್ಟನ್ನಿನ ರೂಪಕ್ಕೆ ತಂದನು. ಅದರ ಕ್ರಮ ಹೀಗಿದೆ: ಮುಖ್ಯ ಕೊಳವೆಯ ನಡುವೆ ಮೂರು ಉರುಳೆಯ ಗೂಡುಗಳು, ಪ್ರತಿಯೊಂದರಲ್ಲಿಯೂ ಸ್ಪ್ರಿಂಗಿನ ಮೇಲೆ ಏರಿಳಿಯುವ ಪಿಸ್ಟನ್ನು, ಪಿಸ್ಟನ್ನಿನ ಮೈಯಲ್ಲಿ ಗಾಳಿಗೆ ದಾರಿಯಾಗುವ ರಂಧ್ರಗಳು. ಬೆರಳಿನಿಂದ ಒತ್ತಿದೊಡನೆ ಗಾಳಿಯು ನೇರವಾಗಿ ಹೋಗದೆ ಒಂದು ಹೆಚ್ಚಿನ ಸುತ್ತು ಕೊಳವೆಯನ್ನು ಹಾದು ಬರುವುದು. ಕೊಳವೆ ಉದ್ದವಾದಷ್ಟೂ ಸ್ವರ ಇಳಿಯುವುದು. ಎರಡನೆಯದನ್ನು ಒತ್ತಿದರೆ ಅರ್ಧಸ್ವರ, ಮೊದಲನೆಯದಕ್ಕೆ ಒಂದು ಸ್ವರ, ಮೂರನೆಯದಕ್ಕೆ ಒಂದೂವರೆ ಸ್ವರ. ಈ ಮೂರರ ಸಂಯೋಗದಿಂದ ಕೊಂಬಿಗೆ ಹನ್ನೆರಡು ಸ್ವರಸ್ಥಾನಗಳೂ ಲಭಿಸಿದುವು. ಸಾವಿರಾರು ವರ್ಷಗಳಿಂದ ರಣಘೋಷವನ್ನು ಮಾತ್ರ ಬಲ್ಲ ವಾದ್ಯವು ರಾಗವನ್ನು ನುಡಿಯಲು ಕಲಿತುದು ಸಾಮಾನ್ಯವಾದ ಸಂಗತಿಯಲ್ಲ.

1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಗೊಂಡ ಬಳಿಕ ಆಂಗ್ಲರ ಪಲ್ಟಣಗಳ ಬ್ಯಾಂಡುಗಳು ಮೈಸೂರು ದೇಶದ ಜನರಿಗೆ ಪರಿಚಿತವಾದುವು. ಮೈಸೂರಿನ ಅರಮನೆಯು ಈ ವಾದ್ಯಗಳನ್ನು ಆದರದಿಂದ ಸ್ವೀಕರಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಅರಮನೆಯಲ್ಲಿ ಪಾಶ್ಚಾತ್ಯ ಬ್ಯಾಂಡೂ ಕರ್ಣಾಟಕ ಬ್ಯಾಂಡೂ ಬೇರೆಬೇರೆಯಾಗಿ ಇದ್ದುವು. ಜರ್ಮನಿಯ ಓಟ್ಟೊ ಸ್ಮಿಟ್ಟರು ಅಲ್ಲಿಯ ಪಾಶ್ಚಾತ್ಯ ಸಂಗೀತದ ಮೇಲ್ವಿಚಾರಣೆಯಲ್ಲಿದ್ದರು. ಮಹಾರಾಜರು ಸ್ವತಃ ವೀಣೆ, ಪಿಟೀಲು, ಪಿಯಾನೊಗಳಲ್ಲಿ ಪರಿಶ್ರಮವುಳ್ಳವರಾಗಿದ್ದು ಸ್ಯಾಕ್ಸೊಫೋನನ್ನೂ ನುಡಿಸುತ್ತಿದ್ದರು. ಅವರ ಇಚ್ಛೆಯಂತೆ ವೀಣೆಯ ವೆಂಕಟಗಿರಿಯಪ್ಪನವರು ನಗಮಾ ಎಂಬ ಹೊಸ ಜಾತಿಯ ರಚನೆಗಳನ್ನು ಮಾಡಿದುದೂ ಪ್ರಸಿದ್ಧವಾಗಿದೆ. ಸಂಸ್ಥಾನವು ಭಾರತ ಒಕ್ಕೂಟದಲ್ಲಿ ಸೇರಿದ ಬಳಿಕ ಈ ವಾದ್ಯವೃಂದಗಳು ಪೋಲೀಸು ಇಲಾಖೆಗೆ ಬಂದು, ಇಂದಿಗೂ ದಸರಾ ಮಹೋತ್ಸವದಲ್ಲಿ ಮೊಳಗುತ್ತವೆ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮನಸೋತುದು ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿದುದರಿಂದಲೇ. ಸ್ಯಾಕ್ಸೊಫೋನಿನ ಮೈ ಹಿತ್ತಾಳೆಯದಾದರೂ ಅದರ ನಾದವು ಹುಟ್ಟುವುದು ಬಿದಿರಿನ ಜಾತಿಯ ಗರಿಯಿಂದ. ಆದುದರಿಂದ ಶಾಸ್ತ್ರಜ್ಞರು ಅದನ್ನು ಕಹಳೆಯ ವರ್ಗಕ್ಕೆ ಸೇರಿಸದೆ ನಾಗಸ್ವರ, ಶಹನಾಯಿಗಳ ವರ್ಗಕ್ಕೆ ಸೇರಿಸುತ್ತಾರೆ.

ಅರಮನೆಯಲ್ಲಿಯೂ ದಂಡಿನಲ್ಲಿಯೂ ಮೊಳಗಿದ ವಾದ್ಯವು ಪಟ್ಟಣದ ಮದುವೆಗೆ ಬಂದಿತು. ಪಟ್ಟಣದಿಂದ ಹಳ್ಳಿಯ ಮೆರವಣಿಗೆಗೆ ಬಂದಿತು. ಬ್ಯಾಂಡ್‌ಸೆಟ್ಟು ಎಂಬ ಮಾತು ಇಂದು ಹಳ್ಳಿಯ ಹುಡುಗನಿಗೂ ಗೊತ್ತು. ಪಾವಗಡದಂತೆ ಆಂಧ್ರದೇಶದ ನೆಲವು ಬಹುಪಾಲು ಸುತ್ತುವರಿದಿರುವ ತಾಲೂಕಿನಲ್ಲಿ ಕನ್ನಡದ ಹಾಡನ್ನೂ ತೆಲುಗಿನ ಹಾಡನ್ನೂ ಒಂದೇ ಕ್ಲಾರಿಯೊನೆಟ್ಟೂ ಒಂದೇ ತುತ್ತೂರಿಯೂ ನುಡಿಯುತ್ತವೆ. ಆದರೆ ವಾದ್ಯವು ಬಂದಷ್ಟು ಸುಲಭವಾಗಿ ಅದನ್ನು ಸುಧಾರಿಸುವ ವಿದ್ಯೆಯು ಬರಲಿಲ್ಲ. ಕಷ್ಟವೆಲ್ಲವೂ ಇಲ್ಲಿಂದಲೇ ಮೊದಲಾಯಿತು.

ಪಿಸ್ಟನ್ನಿಗೂ ಗೂಡಿಗೂ ನಡುವೆ ಇರಬೇಕಾದ ಎಡೆಯು ಒಂದು ಇಂಚಿನ ಸಾವಿರದಲ್ಲಿ ಒಂದೆರಡು ಭಾಗ ಮಾತ್ರ. ಅದಕ್ಕಿಂತ ಕಡಿಮೆಯಾದರೆ ಪಿಸ್ಟನ್ನು ಸಿಕ್ಕಿಕೊಳ್ಳುವುದು. ಹೆಚ್ಚಾದರೆ ಗಾಳಿ ಸೋರಿ ಸ್ವರ ನಿಲ್ಲದು. ಇಷ್ಟು ಸೂಕ್ಷ್ಮವಾದ ಹೊಂದಿಕೆಯನ್ನು ಕಾರ್ಖಾನೆಯಲ್ಲಿ ಯಂತ್ರದಿಂದ ಕಡೆದು, ಕೊನೆಗೆ ನುಣ್ಣನೆಯ ಅರೆಪುಡಿಯನ್ನೂ ಎಣ್ಣೆಯನ್ನೂ ಹಚ್ಚಿ, ಪ್ರತಿಯೊಂದು ಪಿಸ್ಟನ್ನನ್ನೂ ಅದರದರ ಗೂಡಿನಲ್ಲಿಯೇ ತಿರುಗಿಸಿ ತಿರುಗಿಸಿ ಉಜ್ಜಿ ಸಾಧಿಸುತ್ತಿದ್ದರು. ಪಿಸ್ಟನ್ನುಗಳ ಮೇಲೆ 1, 2, 3 ಎಂಬ ಅಂಕೆಗಳನ್ನು ಒತ್ತಿರುವುದು ಈ ಕಾರಣದಿಂದ. ಒಂದೇ ಕಂಪನಿಯ, ಒಂದೇ ಮಾದರಿಯ, ಒಂದೇ ವರ್ಷದ ಎರಡು ಕಾರ್ನೆಟ್ಟುಗಳಿದ್ದರೂ ಒಂದರ ಪಿಸ್ಟನ್ನು ಮತ್ತೊಂದಕ್ಕೆ ಸರಿಹೋಗುವುದೆಂಬ ಭರವಸೆಯಿಲ್ಲ. ಇನ್ನು ಬೇರೆ ಕಂಪನಿಯದಾದರೆ ಕೊಳವೆಯ ಒಳವ್ಯಾಸ ಬೇರೆ, ಮರೆಯ ಸುತ್ತು ಬೇರೆ. ಇಂಗ್ಲೆಂಡಿನವರದು ಇಂಚಿನ ಲೆಕ್ಕ. ಫ್ರಾನ್ಸು ಜರ್ಮನಿಗಳವರದು ಮಿಲಿಮೀಟರಿನ ಲೆಕ್ಕ. ಕಹಳೆಯ ಭಾಗವನ್ನು ಮಾಡಲು ಹಳೆಯ ತುದಿಯೇ ಪ್ರಮಾಣವೆಂದು ಮೇಲೆ ಹೇಳಿತಷ್ಟೆ. ಇಲ್ಲಿಯಾದರೋ ಸವೆದುಹೋದ ಪಿಸ್ಟನ್ನು ತನ್ನ ಪ್ರಮಾಣವನ್ನೇ ಸವೆಸಿಕೊಂಡಿರುತ್ತದೆ.

ಮಾಡಿದ ಕಂಪನಿಯನ್ನೇ ಕೇಳೋಣವೆಂದರೆ ಅದೂ ಸುಲಭವಲ್ಲ. ಹಳೆಯ ವಾದ್ಯಗಳ ಮೊಗದ ಮೇಲೆ ಕೆತ್ತಿರುವ ಲಂಡನ್ನಿನ ಹೆಸರುಗಳಲ್ಲಿ ಬೂಸಿ, ಹಾಕ್ಸ್, ಬೆಸ್ಸನ್ ಎಂಬುವು ಮುಖ್ಯವಾದುವು. ಬೂಸಿಯೂ ಹಾಕ್ಸೂ 1930ರಲ್ಲಿ ಒಂದಾದುವು; ಬೆಸ್ಸನ್ನನ್ನು 1948ರಲ್ಲಿ ಅವರೇ ಕೊಂಡರು; 2003ರಲ್ಲಿ ಅವರ ವಾದ್ಯವಿಭಾಗವೇ ಮಾರಾಟವಾಯಿತು; 2006ರಲ್ಲಿ ಬೆಸ್ಸನ್ ಎಂಬ ಹೆಸರು ಫ್ರಾನ್ಸಿನ ಬುಫೆ ಕಂಪನಿಗೆ ಸೇರಿತು. ಹೆಸರು ಉಳಿಯಿತು, ಹಳೆಯ ಅಚ್ಚುಗಳೂ ಅಳತೆಗಳೂ ಹೆಸರಿನೊಡನೆ ಬರುವುದು ಅಪರೂಪ. ಭಾರತದೊಳಗೆ ಈ ಕೆಲಸಕ್ಕೆ ನೆಲೆಯಾದುದು ಮೀರತ್ತು ನಗರ. ಅಲ್ಲಿ 1885ರಲ್ಲಿ ಸ್ಥಾಪಿತವಾದ ನಾದಿರ್ ಅಲಿ ಸಂಸ್ಥೆಯು ಮೊದಲಿಗೆ ವಿಲಾಯಿತಿಯ ವಾದ್ಯಗಳನ್ನು ತರಿಸಿ ಮಾರುತ್ತಿದ್ದು, ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ತಾನೇ ಮಾಡಲು ತೊಡಗಿತು. ಜಾಲೀಕೋಠಿ ಎಂಬ ಅಲ್ಲಿಯ ಬೀದಿಯಲ್ಲಿ ಕೊಳವೆ ಬಗ್ಗಿಸುವವರು, ಮೊಗ ಬಡಿಯುವವರು, ಕವಾಟ ಕೂಡಿಸುವವರು ಮನೆಮನೆಯಲ್ಲಿಯೂ ಇದ್ದಾರೆ. ತಿರುಮಣಿಯಂತಹ ಹಳ್ಳಿಯ ವಾದ್ಯಗಾರನಿಗೆ ಪಾವಗಡ, ತುಮಕೂರು, ಬೆಂಗಳೂರುಗಳನ್ನು ದಾಟಿದ ಮೇಲೆ ಉಳಿಯುವ ದಾರಿ ಅದೊಂದೇ. ಆದರೆ ಮೀರತ್ತಿನವರು ಮಾಡುವುದು ಮೀರತ್ತಿನ ಅಳತೆಗೆ. ವಿಲಾಯಿತಿಯ ಹಳೆಯ ಗೂಡಿಗೆ ಅಲ್ಲಿಯ ಪಿಸ್ಟನ್ನು ಬೇಕಾದರೆ ವಾದ್ಯವನ್ನೇ ಕಳುಹಬೇಕು. ಕಾಗದದಲ್ಲಿ ಅಳತೆ ಬರೆದು ಕಳುಹಿ ತರಿಸಿದ ಪಿಸ್ಟನ್ನು ನೆಟ್ಟಗೆ ಕೂಡುವುದು ಅದೃಷ್ಟದ ಮಾತು. ಹಳೆಯ ಪಿಸ್ಟನ್ನಿಗೇ ತಾಮ್ರದ ಅಥವಾ ನಿಕ್ಕಲಿನ ಲೇಪವನ್ನು ವಿದ್ಯುತ್ತಿನಿಂದ ಏರಿಸಿ, ಮತ್ತೆ ಗೂಡಿನಲ್ಲಿ ಉಜ್ಜಿ ಹೊಂದಿಸುವುದು ಇದಕ್ಕಿಂತ ಮೇಲಾದ ಮಾರ್ಗ. ಇದಕ್ಕೆ ಬೇಕಾದುದು ಹೊಸ ಭಾಗವಲ್ಲ, ಬಲ್ಲ ಕೈ.

ಶ್ರುತಿಯ ತೊಡಕೊಂದಿದೆ. ಆಂಗ್ಲರ ಸೈನ್ಯದ ಬ್ಯಾಂಡುಗಳು 1929ರ ಸುಮಾರಿನವರೆಗೆ ಏರುಶ್ರುತಿಯಲ್ಲಿ ನುಡಿಸುತ್ತಿದ್ದುವು. ಆಮೇಲೆ ಇಳಿಶ್ರುತಿಗೆ ಬಂದುವು. ಎರಡಕ್ಕೂ ಇರುವ ಅಂತರವು ಅರ್ಧಸ್ವರದಲ್ಲಿ ಅರ್ಧ. ಅದಕ್ಕೆ ಹಿಂದಿನ ವಾದ್ಯವನ್ನು ಈಗಿನ ವಾದ್ಯಗಳ ಜೊತೆಗೆ ಊದಿದರೆ ಕಿವಿಗೆ ಕಟುವಾಗುವುದು. ಇಂತಹ ವಾದ್ಯವನ್ನು ಕೆಟ್ಟುದೆಂದು ಎಸೆಯುವವರುಂಟು. ಅದು ಕೆಟ್ಟಿಲ್ಲ. ಶ್ರುತಿಗೊಳಿಸುವ ಜಾರುಕೊಳವೆಯನ್ನು ಉದ್ದವಾಗಿ ಮಾಡಿಸಿ, ಕವಾಟಗಳ ಸುತ್ತುಕೊಳವೆಗಳನ್ನೂ ಅದೇ ಪ್ರಮಾಣದಲ್ಲಿ ಸ್ವಲ್ಪ ಎಳೆದರೆ ಅದು ಇಳಿಯುವುದು. ಇದು ತಗಡಿನ ಕೆಲಸವಾದ್ದರಿಂದ ಊರಿನ ಕಂಚುಗಾರನಿಗೂ ಸಾಧ್ಯ. ಕರ್ಣಾಟಕ ಸಂಗೀತಕ್ಕಾದರೆ ಅಷ್ಟೂ ಬೇಡ. ಅಲ್ಲಿ ಆಧಾರಷಡ್ಜವನ್ನು ವಾದ್ಯಗಾರನೇ ನಿಶ್ಚಯಿಸಿಕೊಳ್ಳುವನಾದ್ದರಿಂದ, ಜೊತೆಯ ವಾದ್ಯಗಳು ಅದಕ್ಕೆ ಹೊಂದಿಕೊಂಡರೆ ಸಾಕು.

ವಾದ್ಯಗಳು ಮೂಕವಾಗುವುದಕ್ಕೆ ಎಲ್ಲ ಕಾಲದಲ್ಲಿಯೂ ಭಾಗದ ಅಭಾವವೇ ಕಾರಣವೆಂದು ತಿಳಿಯಬಾರದು. ಪಿಸ್ಟನ್ನು ಏಳದಿದ್ದರೆ ಸ್ಪ್ರಿಂಗು ಸತ್ತಿತೆಂದು ಹೊಸದಕ್ಕಾಗಿ ಊರೂರು ಅಲೆಯುವರು. ಬಿಚ್ಚಿ ನೋಡಿದರೆ ಬಹಳ ಸಲ ಒಳಗೆ ಎಣ್ಣೆಯ ಜಿಗುಟು ಮೆತ್ತಿರುತ್ತದೆ. ಪಾವಗಡದ ಸೀಮೆ ಕಡಲೆಕಾಯಿಯ ಸೀಮೆ. ಮನೆಯಲ್ಲಿ ಇರುವ ಎಣ್ಣೆಯನ್ನೇ ಪಿಸ್ಟನ್ನಿಗೂ ಬಿಡುವುದು ಸಹಜ. ಆದರೆ ಕಡಲೆಕಾಯಿಯ ಎಣ್ಣೆಯೂ ಹರಳೆಣ್ಣೆಯೂ ಗಾಳಿಗೆ ಕಾಲಕ್ರಮದಲ್ಲಿ ಅಂಟಾಗುವುವು. ತೆಂಗಿನೆಣ್ಣೆಯು ಮಾಗಿಯ ಚಳಿಗೆ ಹೆಪ್ಪುಗಟ್ಟುವುದು. ಸೀಮೆಎಣ್ಣೆಯಂತಹ ತೆಳುವಾದ ಖನಿಜತೈಲದಲ್ಲಿ ತೊಳೆದೊಡನೆ ಸತ್ತ ಸ್ಪ್ರಿಂಗು ಬದುಕುವುದುಂಟು.

ಇನ್ನೊಂದು ಹಾನಿಯು ಭಕ್ತಿಯಿಂದಲೇ ಬರುತ್ತದೆ. ಜಾತ್ರೆಯ ಮುನ್ನಾದಿನ ಹಿತ್ತಾಳೆಯ ಸಾಮಾನುಗಳನ್ನೆಲ್ಲ ಹುಣಸೆಹಣ್ಣು, ಇಟ್ಟಿಗೆಪುಡಿಗಳಿಂದ ತಿಕ್ಕಿ ಚಿನ್ನದಂತೆ ಮಾಡುವ ಪದ್ಧತಿ ಎಲ್ಲೆಡೆಯೂ ಇದೆ. ಕೊಡಕ್ಕೂ ದೀಪದ ಕಂಬಕ್ಕೂ ಅದು ತಕ್ಕುದೇ ಸರಿ. ವಾದ್ಯದ ತಗಡು ತೆಳುವಾದುದು. ಹುಣಸೆಯ ಹುಳಿಯು ಕಿಲುಬನ್ನು ತೆಗೆಯುವಾಗ ಅದರೊಡನೆ ಲೋಹದ ಪೊರೆಯೊಂದನ್ನೂ ತೆಗೆಯುವುದು. ಸರಿಯಾಗಿ ತೊಳೆಯದೆ ಬಿಟ್ಟರೆ ಹಿತ್ತಾಳೆಯೊಳಗಿನ ಸತುವನ್ನು ತಿಂದು ತಾಮ್ರದ ಕೆಂಪು ಚುಕ್ಕೆಗಳನ್ನು ಉಳಿಸುವುದು. ಆ ಚುಕ್ಕೆಗಳು ಮುಂದೆ ತೂತುಗಳಾಗುವುವು. ಇಟ್ಟಿಗೆಪುಡಿಯ ಒಂದು ಚಿಟಿಕೆ ಕವಾಟದ ಗೂಡನ್ನು ಹೊಕ್ಕರೆ ನೂರು ವರ್ಷದ ಸವೆತವು ಒಂದೇ ಜಾತ್ರೆಯಲ್ಲಿ ಆಗಿಹೋಗುವುದು. ಹೊಳಪಿಗಾಗಿ ಪ್ರಾಣವನ್ನು ತೆಗೆದಂತೆ! ಹದವಾದ ಬೆಚ್ಚನೆಯ ನೀರು, ಸೀಗೆಪುಡಿಯ ತಿಳಿ, ಮೆತ್ತನೆಯ ಬಟ್ಟೆ ಇಷ್ಟು ಸಾಕು.

ಸಣ್ಣ ಭಾಗಗಳ ವಿಷಯದಲ್ಲಿ ದೂರ ನೋಡಬೇಕಾದ ಅವಶ್ಯಕತೆಯೇ ಇಲ್ಲ. ಪಿಸ್ಟನ್ನಿನ ತಲೆಯ ಕೆಳಗೆ ಸದ್ದಡಗಿಸಲು ಇಡುವ ಉಣ್ಣೆಯ ಬಿಲ್ಲೆಗೆ ಕುರುಬರು ನೇಯ್ದ ಒತ್ತಾದ ಕಂಬಳಿಯ ಚೂರು ಸಾಲುವುದು; ಆದರೆ ದಪ್ಪದಲ್ಲಿ ಹೆಚ್ಚುಕಡಮೆಯಾಗಕೂಡದು, ಏಕೆಂದರೆ ಪಿಸ್ಟನ್ನಿನ ರಂಧ್ರವೂ ಗೂಡಿನ ರಂಧ್ರವೂ ಎದುರುಬದುರಾಗಿ ನಿಲ್ಲುವುದು ಆ ಬಿಲ್ಲೆಯ ದಪ್ಪದಿಂದಲೇ. ಎಂಜಲುನೀರು ಬಿಡುವ ಕೀಲಿಯ ಬಿರಡೆಯನ್ನು ಸೀಸೆಯ ಬಿರಡೆಯಿಂದ ಕತ್ತರಿಸಿಕೊಳ್ಳಬಹುದು. ಸ್ಯಾಕ್ಸೊಫೋನಿನ ಮುಚ್ಚಳಗಳ ಮೆತ್ತೆಗೆ ಹದಮಾಡಿದ ತೆಳುವಾದ ಆಡಿನ ಚರ್ಮವೇ ಬೇಕಾದುದು. ಕುರಿಮೇಕೆಗಳ ನಾಡಾದ ಸಿರಾ, ಪಾವಗಡಗಳಲ್ಲಿ ಅದಕ್ಕೆ ಬರವೆ? ಊದುವ ಬಾಯಿಯನ್ನು ಲೇತಿನ ಕೆಲಸ ಬಲ್ಲವನು ಹಿತ್ತಾಳೆಯ ಗಟ್ಟಿಯಿಂದ ಕಡೆದುಕೊಡಬಲ್ಲನು. ಅದಕ್ಕೆ ಬೆಳ್ಳಿಯ ಲೇಪವನ್ನು ಕೊಡಿಸುವುದನ್ನು ಮಾತ್ರ ಮರೆಯಬಾರದು, ಬರಿಯ ಹಿತ್ತಾಳೆಯ ಕಿಲುಬು ತುಟಿಗೆ ತಾಗುವುದು ಒಳಿತಲ್ಲ.

ಮಠಗಳ ಉಗ್ರಾಣಗಳಲ್ಲಿ ಇರುವ ಹಳೆಯ ವಾದ್ಯಗಳನ್ನು ತೂಕಕ್ಕೆ ಮಾರುವ ಮೊದಲು ಮೂರು ಸಲ ಆಲೋಚಿಸಬೇಕೆಂಬುದಕ್ಕೆ ಕಾರಣವು ಇದರಿಂದ ಸ್ಪಷ್ಟವಾಗುವುದು. ಮಾಡುವವರೇ ಇಲ್ಲದ ಮಾದರಿಗೆ ಭಾಗಗಳ ಏಕಮಾತ್ರ ಭಂಡಾರವೆಂದರೆ ಅದೇ ಮಾದರಿಯ ಮತ್ತೊಂದು ಮುರಿದ ವಾದ್ಯ. ಮೊಗ ಜಜ್ಜಿದ ಒಂದು, ಕೊಳವೆ ಸೀಳಿದ ಒಂದು, ಹೀಗೆ ಎರಡು ಮೂಕವಾದ್ಯಗಳಿಂದ ನುಡಿಯುವ ಒಂದನ್ನು ಮಾಡಿಕೊಳ್ಳಬಹುದು. ಅದಕ್ಕೆ ಮೊದಲು ಆಗಬೇಕಾದುದು ಲೆಕ್ಕದ ಕೆಲಸ. ಪ್ರತಿಯೊಂದು ವಾದ್ಯದ ಮೇಲಿನ ಕಂಪನಿಯ ಹೆಸರು, ಊರು, ಕ್ರಮಾಂಕ, ಕೊಳವೆಯ ವ್ಯಾಸ ಇವುಗಳನ್ನು ವಹಿಯಲ್ಲಿ ಬರೆದು, ನೆರೆಯ ಮಠಗಳವರೂ ದೇವಸ್ಥಾನಗಳವರೂ ಬ್ಯಾಂಡಿನವರೂ ಪರಸ್ಪರ ತಿಳಿಸಿಕೊಂಡರೆ, ಮಧುಗಿರಿಯಲ್ಲಿ ಬೇಕಾದುದು ಕೊರಟಗೆರೆಯ ಅಟ್ಟದಲ್ಲಿ ದೊರೆತರೂ ದೊರೆತೀತು. ತಾಳೆಯ ಗರಿಗಳನ್ನು ಕಟ್ಟುಕಟ್ಟಾಗಿ ಎಣಿಸಿ ಕಾಪಾಡಿದ ಮಠಗಳಿಗೆ ಇದು ಹೊಸ ವಿದ್ಯೆಯೇನೂ ಅಲ್ಲ.

ಹೀಗೆ ಒಂದರಿಂದ ಒಂದಕ್ಕೆ ಭಾಗಗಳನ್ನು ತೆಗೆಯುವಾಗ ಪಿಸ್ಟನ್ನನ್ನು ಮಾತ್ರ ಎಂದಿಗೂ ಬಿಡಿಯಾಗಿ ತೆಗೆಯದೆ, ಗೂಡಿನ ಸಮೇತ ಮೂರನ್ನೂ ಒಟ್ಟಿಗೆ ಬೆಸುಗೆ ಬಿಡಿಸಿ ಕೂಡಿಸಬೇಕು. ಮೂರನೆಯ ಪಿಸ್ಟನ್ನು ಸಾಮಾನ್ಯವಾಗಿ ಸವೆಯದೆ ಹೊಸದರಂತಿರುವುದು, ಬೆರಳು ಅದರ ಮೇಲೆ ಬೀಳುವುದು ಕಡಿಮೆಯಾದ್ದರಿಂದ. ಅದನ್ನು ಕಂಡು ಮೊದಲನೆಯದರ ಗೂಡಿಗೆ ಇಳಿಸಿ ನೋಡುವ ಚಪಲ ಹಲವರಿಗೆ ಆಗುವುದು. ಅದು ಒಳಗೆ ಇಳಿದರೂ ಇಳಿಯಬಹುದು. ಆದರೆ ಅದರ ರಂಧ್ರಗಳ ದಾರಿ ಬೇರೆಯಾಗಿರುವುದರಿಂದ ಎಷ್ಟು ಊದಿದರೂ 1ನೆಯ ಗೂಡಿನಲ್ಲಿ ಗಾಳಿಯು ಮುಂದಕ್ಕೆ ಹೋಗದು.